ಪೆಡಲ್ ಕೆಳಗೆ ಹಾಸಿದ ಬಿಳಿ ಬಟ್ಟೆ

ಆಸ್ಪತ್ರೆಯ ಮೊದಲ ಮಹಡಿ, ಕಿಟಕಿ ಪಕ್ಕದ ಬೆಂಚು
ಗುರುವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಸುರಂಗದ ಸಾಹೇಬರಿಗೆ,

ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಸುರಂಗ ಕೊರೆಯುವ ಆ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಕಳಿಸಿದ್ದೆನಲ್ಲ, ಅದನ್ನು ಕಟ್ಟಿಕೊಳ್ಳುತ್ತಿದ್ದೀರೋ, ಊಟದ ಡಬ್ಬಿ ಒರೆಸುತ್ತಿದ್ದೀರೋ? ಮೇಲಿನ ಸಾಲಿನಲ್ಲಿ ಆಸ್ಪತ್ರೆ ಎಂದು ಓದಿ ಆಗಲೇ ಎದೆ ಹಿಡಿದುಕೊಂಡು ಕೂತಿರುತ್ತೀರಿ, ಗೊತ್ತು. ಎಲ್ಲರೂ ಬದುಕಿದ್ದೇವೆ. ಮಗಳು ಶಾಲೆಗೆ ಹೋಗಿದ್ದಾಳೆ. ನನಗೇನೂ ಆಗಿಲ್ಲ, ಕಾಗದವನ್ನು ಮಡಿಲಲ್ಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೀಗೆ ಸೊಟ್ಟಗಿರುವುದು ಅದಕ್ಕೇ. ಮಲಗಿರುವವರು ನಿಮ್ಮ ಅಪ್ಪ. ಅವರ ಬಲಗಾಲಿಗೆ ದೊಡ್ಡ ಗಾಯವಾಗಿದೆ, ಡಾಕ್ಟರ್ ಕಾಲು ಉಳಿಸಲು ನೋಡುತ್ತಿದ್ದಾರೆ. ನಿಮ್ಮ ಕ್ಯಾಂಪಿಗೆ ಫೋನ್ ತಲುಪುವುದಿಲ್ಲವಲ್ಲ, ಅದಕ್ಕೆ ಅಲ್ಲಿಗೆ ಸಾಮಾನು ತರುವ ಲಾರಿಯವನಿಗೆ ಹೇಳಿ ಕಳಿಸಿದ್ದೇನೆ. ಸಂಜೆ ಹೊರಡುವ ಮೊದಲು ಇಲ್ಲೇ ಬಂದು ಕಾಗದ ತೆಗೆದುಕೊಂಡು ಹೋಗುತ್ತಾನಂತೆ. ಅಲ್ಲಿಯವರೆಗೆ ನನಗೂ ಮಾಡಲು ಬೇರೆ ಕೆಲಸವಿಲ್ಲ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಮೊದಲಿನಿಂದ ಹೇಳದಿದ್ದರೆ ನೀವು ನಂಬುವುದೂ ಇಲ್ಲ.

ಎಲ್ಲ ಶುರುವಾದದ್ದು ನಮ್ಮ ಚಿಕ್ಕತ್ತೆಯಿಂದ. ಪಿಕಪ್ಪಿಗೆ ಆ ಹೆಸರಿಟ್ಟಾಗ ನೀವು ನನ್ನ ಮೇಲೆ ಮುಖ ಊದಿಸಿಕೊಂಡಿದ್ದಿರಿ. ಆದರೆ ಅತ್ತೆ ತೀರಿಕೊಂಡ ಮರುವರ್ಷವೇ ಮೂರು ಕೈ ದಾಟಿ ಬಂದ ಗಾಡಿಯೊಂದನ್ನು ಮನೆಗೆ ತಂದು, ಬೆಳಿಗ್ಗೆ ಎದ್ದರೆ ಅದರ ಮುಖ ನೋಡಿ, ಸಂಜೆ ಅದರ ಮೈ ಒರೆಸಿ, ಅದು ಸೀನಿದರೂ ಓಡಿಹೋಗಿ ಬಾನೆಟ್ ಎತ್ತುವ ಮಾವನನ್ನು ನೋಡಿ ಬೇರೇನು ಹೆಸರಿಡಲಿ? ನನ್ನ ಲಾಂಡ್ರಿ ನಡೆಯುತ್ತಿರುವುದೇ ಅವಳಿಂದ, ಅದನ್ನು ಒಪ್ಪಿಕೊಳ್ಳುತ್ತೇನೆ. ಲಾಡ್ಜುಗಳಿಂದ ಕೊಳೆಯಾದ ಹಾಸಿಗೆ ಬಟ್ಟೆ ಹೇರಿಕೊಂಡು ಬರುವುದು, ಒಗೆದು ಇಸ್ತ್ರಿಯಾದದ್ದನ್ನು ಮರಳಿಸುವುದು, ಎಲ್ಲಕ್ಕೂ ಮಾವ ಮತ್ತು ಚಿಕ್ಕತ್ತೆ. ಹೊಸ ಭಾಗ ಕೊಳ್ಳುವುದೆಂದರೆ ಮಾತ್ರ ಮಾವನಿಗೆ ಸೋತಂತೆ. ಬಲಗಡೆಯ ಬಾಗಿಲು ಒಂದು ಗಾಡಿಯದು, ರೇಡಿಯೇಟರ್ ಇನ್ನೊಂದರದು, ಕನ್ನಡಿ ಯಾವುದೋ ಸ್ಕೂಟರಿನದು. ಗುಜರಿ ಅಂಗಡಿಯವನು ಇವರನ್ನು ಕಂಡರೆ ಎದ್ದು ನಿಂತು ತನ್ನ ಕುರ್ಚಿ ಕೊಡುತ್ತಾನೆ.

ಕಳೆದ ತಿಂಗಳು ಡ್ರೈವರ್ ಸೀಟಿನ ಮುಂದೆ, ಕಾಲಿಡುವ ನೆಲ ತುಕ್ಕು ಹಿಡಿದು ತೂತಾಯಿತು. ಮಳೆ ನೀರು ಒಳಗೆ ಚಿಮ್ಮಿ ಮಾವನ ಪಂಚೆಯೆಲ್ಲ ಕೆಸರು. ವೆಲ್ಡಿಂಗ್ ಮಾಡಿಸಿ ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು, ಮಧ್ಯಾಹ್ನವಿಡೀ ನನಗೆ ಪಾಠ. ಗಾಡಿಯ ಕೆಳಗೆ ಗೋಣಿ ಹಾಸಿ ಮಲಗಿಕೊಂಡು ಅಲ್ಲಿಂದಲೇ ಕೂಗಿ ಹೇಳಿದರು: “ನೋಡಮ್ಮಾ, ತುಕ್ಕು ಹಿಡಿದಿದ್ದನ್ನ ಪೂರ್ತಿ ಕತ್ತರಿಸಿ ತೆಗೀಬೇಕು. ಒಳ್ಳೇ ತಗಡು ಹೊಳೆಯೋವರೆಗೂ ಕತ್ತರಿಸಬೇಕು. ಪಾಪ ಅಂತ ಒಂಚೂರು ಬಿಟ್ರೂ ಮತ್ತೆ ಹರಡುತ್ತೆ.” ಹಾಗೇ ಮಾಡಿದರು ಕೂಡ. ಕತ್ತರಿಸಿ, ಉಜ್ಜಿ, ಹಳೆಯ ಎಣ್ಣೆ ಡಬ್ಬಿಯೊಂದನ್ನು ಬಡಿದು ಚಪ್ಪಟೆ ಮಾಡಿ, ಕೆಳಗಿನಿಂದಲೇ ಸ್ಕ್ರೂ ಹೊಡೆದು ಕೂರಿಸಿದರು. ಮೇಲೆ ದಪ್ಪ ರಬ್ಬರ್ ಮ್ಯಾಟ್. ಕೆಲಸ ಚೆನ್ನಾಗಿತ್ತು, ಹನಿ ನೀರು ಒಳಗೆ ಬರಲಿಲ್ಲ. ನಾನು ಹೊಗಳಿದೆ, ಮಾವ ಎರಡು ದಿನ ಅದನ್ನೇ ಜಗಿದರು.

ಆಮೇಲೆ ಸ್ವಲ್ಪ ದಿನಕ್ಕೆ ಪೆಡಲಿನ ಕೆಳಗೆ ಒದ್ದೆ ಕಾಣಿಸತೊಡಗಿತು. ಕಂದು ಬಣ್ಣದ ಅಂಟು ಒದ್ದೆ. ಬ್ರೇಕ್ ಆಯಿಲ್ ಹಳತಾದರೆ ಅದೇ ಬಣ್ಣಕ್ಕೆ ತಿರುಗುತ್ತದೆ, ಆ ಮ್ಯಾಟಿನ ಮೇಲೆ ಏನು ಮುಟ್ಟಿದರೂ ಜಾರುತ್ತದೆ. ಮಾವ ಬೆರಳಲ್ಲಿ ತೀಡಿ ನೋಡಿ, “ಮೇಲಿನ ಬ್ರೇಕ್ ಸಿಲಿಂಡರ್ ಸೋರ್ತಿದೆ” ಎಂದು ತೀರ್ಪು ಕೊಟ್ಟರು. ನಮ್ಮ ಮನೆಯ ಬುದ್ಧಿ ನಿಮಗೆ ಗೊತ್ತಲ್ಲ, ಎಲ್ಲಿ ಕಲೆ ಕಂಡರೂ ಅದು ಗಾಡಿಯದೇ. ಸಿಲಿಂಡರ್ ಬಿಚ್ಚಿ ರಬ್ಬರ್ ಬದಲಾಯಿಸಿದರು, ಒದ್ದೆ ನಿಲ್ಲಲಿಲ್ಲ. ಗುಜರಿಯಿಂದ ಇಡೀ ಸಿಲಿಂಡರನ್ನೇ ತಂದರು, ನಿಲ್ಲಲಿಲ್ಲ. ಪೈಪು ಬದಲಾಯಿಸಿದರು. ಅಷ್ಟರಲ್ಲಿ ಮನೆಯ ನೆಲದ ಮೇಲೂ ಅಲ್ಲಲ್ಲಿ ಅದೇ ಕಂದು ಕಲೆ. ಒರೆಸಿದ ನೆಲ ನೋಡಿ ನನಗೆ ರೇಗಿಹೋಯಿತು. “ಬ್ರೇಕ್ ಆಯಿಲನ್ನ ಅಡುಗೆಮನೆವರೆಗೂ ತುಳ್ಕೊಂಡು ಬರ್ತೀರಲ್ಲ ಮಾವ!” ಎಂದು ಕಿರುಚಿದೆ. ಅವರು ಪಾಪ ಹೊರಗೆ ಹೋಗಿ ನಲ್ಲಿಯ ಕೆಳಗೆ ಕಾಲು ತೊಳೆದುಕೊಂಡು ಬಂದರು. ನಲ್ಲಿಯ ಕೆಳಗೆ, ನನ್ನ ಕಣ್ಣೆದುರಿಗೇ!

ಸೋರುವ ಜಾಗ ಸಿಗದಿದ್ದಾಗ ಕೆಳಗೆ ಬಿಳಿಯದು ಏನಾದರೂ ಹಾಸಿ ಓಡಿಸಿದರೆ ಹನಿ ಎಲ್ಲಿ ಬೀಳುತ್ತದೆಂದು ತಿಳಿಯುತ್ತದೆ, ಇದೂ ಮಾವನೇ ಕಲಿಸಿದ್ದು. ಬಿಳಿ ಬಟ್ಟೆಗೆ ನಮ್ಮಲ್ಲಿ ಬರವೇ? ಲಾಡ್ಜಿನವರು ಬೇಡವೆಂದ ಹರಕು ಹಾಸನ್ನು ಮಡಚಿ ಮ್ಯಾಟಿನ ಮೇಲೆ ನಾನೇ ಹಾಸಿದೆ. ನಿನ್ನೆ ಬೆಳಿಗ್ಗೆ ಮಾವ ಒಂದು ಸುತ್ತು ಬಟ್ಟೆ ಕೊಟ್ಟು ಬಂದರು. ನೋಡಿದರೆ ಸಿಲಿಂಡರಿನ ಕೆಳಗೆ ಬಟ್ಟೆ ಮಲ್ಲಿಗೆಯ ಹಾಗಿದೆ, ಪೈಪಿನ ಕೆಳಗೂ ಏನಿಲ್ಲ. ಕಲೆ ಇದ್ದದ್ದು ಹಿಂದೆ, ಹಿಮ್ಮಡಿ ಊರುವ ಜಾಗದಲ್ಲಿ. ಅದು ಬಿದ್ದ ಹನಿಯಲ್ಲ, ಒತ್ತಿದ ಗುರುತು. ಮಾವ ಬಾನೆಟ್ ಎತ್ತಿ ಇನ್ನಷ್ಟು ಆಯಿಲ್ ಸುರಿಯಲು ಹೋದರು. ನಾನು ಬಟ್ಟೆ ತಂದು ತಣ್ಣೀರಿನ ತೊಟ್ಟಿಗೆ ಹಾಕಿದೆ. ಏಕೆ ಹಾಕಿದೆನೋ, ಕೈಯ ಅಭ್ಯಾಸ. ನೀವು ಎಷ್ಟೋ ಸಲ ತಮಾಷೆ ಮಾಡಿದ್ದೀರಿ, ಇವಳು ಕಲೆ ನೋಡಿದರೆ ಜಾತಕ ಹೇಳುತ್ತಾಳೆ ಎಂದು. ಎಣ್ಣೆ ಕಲೆ ತಣ್ಣೀರಿಗೆ ಜಗ್ಗುವುದಿಲ್ಲ, ಬಿಸಿನೀರು ಸೋಪು ಎರಡೂ ಬೇಕು. ಇದು ತಣ್ಣೀರಿಗೇ ಬಿಟ್ಟಿತು. ನೀರಿನೊಳಗೆ ಎಳೆ ಎಳೆಯಾಗಿ ಕೆಂಪಗೆ ಹರಡಿತು. ಇಷ್ಟು ವರ್ಷ ಲಾಡ್ಜಿನ ಬಟ್ಟೆ ಒಗೆದವಳಿಗೆ ಆ ಕೆಂಪು ಯಾವುದೆಂದು ಯಾರೂ ಹೇಳಬೇಕಾಗಿಲ್ಲ. ರಕ್ತ.

ಅಂಗಳಕ್ಕೆ ಹೇಗೆ ಓಡಿದೆನೋ ನೆನಪಿಲ್ಲ. “ಮಾವ, ಕಾಲು ತೋರ್ಸಿ” ಎಂದೆ. ಅವರಿಗೆ ನಗು. “ಯಾಕಮ್ಮಾ, ನಮಸ್ಕಾರ ಮಾಡ್ತೀಯಾ?” ಎನ್ನುತ್ತಲೇ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಬಲಗಾಲನ್ನು ಎತ್ತಿ ನನ್ನ ಮಡಿಲಲ್ಲಿಟ್ಟುಕೊಂಡೆ. ರೀ, ಹಿಮ್ಮಡಿಯ ಮಧ್ಯೆ ಗುಳಿ. ನನ್ನ ಹೆಬ್ಬೆರಳು ಇಳಿಯುವಷ್ಟು ಗುಳಿ, ಅಂಚೆಲ್ಲ ಕಪ್ಪು, ಒಳಗೆ ಹಸಿ. ವಾಸನೆ ಬೇರೆ. ಅವರು ಕನ್ನಡಕವನ್ನು ಹಣೆಯಿಂದ ಇಳಿಸಿಕೊಂಡು, ಕಷ್ಟಪಟ್ಟು ಬಗ್ಗಿ, ತುಂಬ ಹೊತ್ತು ನೋಡಿದರು. ಆಮೇಲೆ ಕೇಳಿದರು, “ಇದು ನನ್ನ ಕಾಲಾ?” ಸತ್ಯವಾಗಿ ಹೇಳುತ್ತೇನೆ, ಅವರು ಮುಚ್ಚಿಟ್ಟಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ. ನೋವೇ ಇಲ್ಲದ ಮೇಲೆ ತಮ್ಮ ಹಿಮ್ಮಡಿಯನ್ನು ಯಾರು ತಿರುಗಿಸಿ ನೋಡಿಕೊಳ್ಳುತ್ತಾರೆ?

ಗಾಡಿ ಓಡಿಸುವಾಗ ಮಾತ್ರ ಹಾಕಿಕೊಳ್ಳುವ ಸವೆದ ಹವಾಯಿ ಚಪ್ಪಲಿ ಇದೆಯಲ್ಲ, ಗಾಡಿಯಲ್ಲೇ ಬಿದ್ದಿರುವುದು, ಅದನ್ನು ತೆಗೆದು ಬೆಳಕಿಗೆ ಹಿಡಿದೆ. ಹಿಮ್ಮಡಿಯ ಕಡೆ ಈ ಬದಿಯಿಂದ ಆ ಬದಿಗೆ ತೂತು. ಮ್ಯಾಟಿನ ಮೇಲೆ ಒತ್ತಿ ಕೈಯಾಡಿಸಿದೆ, ಚುಚ್ಚಿತು. ಮ್ಯಾಟ್ ಎತ್ತಿದರೆ ಆ ತಗಡಿನ ತೇಪೆಯ ಸ್ಕ್ರೂ ಒಂದು ಕೆಳಗಿನಿಂದ ಮೇಲಕ್ಕೆ, ಬೆರಳಿನ ಎರಡು ಗೆಣ್ಣಿನಷ್ಟು ಉದ್ದ, ಮೂತಿ ಎತ್ತಿಕೊಂಡು ನಿಂತಿದೆ. ಉಳಿದ ಸ್ಕ್ರೂಗಳೆಲ್ಲ ಗಿಡ್ಡ, ಇದೊಂದು ಡಬ್ಬಿಯಲ್ಲಿ ಸಿಕ್ಕಿದ ಉದ್ದದ್ದು. ಇಷ್ಟು ದಿನ ಪ್ರತಿಸಲ ಆಕ್ಸಿಲೇಟರ್ ಒತ್ತಿದಾಗಲೂ ಹಿಮ್ಮಡಿಯನ್ನು ಅದರ ಮೇಲೇ ಊರಿದ್ದಾರೆ. ಮಾವ ಅದನ್ನು ನೋಡಿ, “ನಾನೇ ಹಾಕಿದ್ದು” ಎಂದರು. ಅಷ್ಟೇ. ಆ ದನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮಗಳು ದಿನಾ ಅದೇ ಗಾಡಿಯಲ್ಲಿ, ಅವರ ಪಕ್ಕದಲ್ಲಿ, ಶಾಲೆಗೆ ಹೋಗುತ್ತಿದ್ದಳು. ಬ್ರೇಕ್ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯದ ಕಾಲಿನ ಪಕ್ಕದಲ್ಲಿ! ಇದನ್ನು ಬರೆಯುವಾಗ ಪೆನ್ನು ಕೆಳಗಿಟ್ಟು ನೀರು ಕುಡಿದು ಬಂದೆ.

ಬೇರೆ ಗಾಡಿ ಕರೆಯುತ್ತೇನೆಂದರೆ ಬಿಡಲಿಲ್ಲ. “ಮನೇಲಿ ಗಾಡಿ ಇಟ್ಕೊಂಡು ಬಾಡಿಗೆ ಗಾಡಿನಾ? ನೀನೇ ಓಡ್ಸು” ಎಂದರು. ತೇಪೆ ಹಾಕಿದ ಮೇಲೆ ಒಮ್ಮೆ ಮೈದಾನದಲ್ಲಿ ನಾಲ್ಕು ಸುತ್ತು ಹಾಕಿದ್ದು ಬಿಟ್ಟರೆ ನಾನು ಸ್ಟೀರಿಂಗ್ ಹಿಡಿದವಳೇ ಅಲ್ಲ. ಆಗ ದಿಂಬು ಇಟ್ಟು ಸೀಟು ಮುಂದಕ್ಕೆ ಎಳೆದುಕೊಂಡಿದ್ದೆ, ನನ್ನ ಹಿಮ್ಮಡಿ ಆ ಸ್ಕ್ರೂವಿಗಿಂತ ಒಂದು ಗೇಣು ಮುಂದೆ ಬೀಳುತ್ತಿತ್ತು, ಬದುಕಿಕೊಂಡೆ. ಆದರೆ ನಿನ್ನೆ ಅವರು ನನ್ನನ್ನು ಹಾಗೇ ಕೂರಲು ಬಿಡಲಿಲ್ಲ. ಟವೆಲ್ ಸುತ್ತಿದ ಕಾಲನ್ನು ಎಳೆದುಕೊಂಡು ಬಂದು, ಬಾಗಿಲಲ್ಲಿ ಬಗ್ಗಿ, ಸುತ್ತಿಗೆಯಿಂದ ಆ ಸ್ಕ್ರೂವನ್ನು ಬಡಿದು ಬಡಿದು ಮಲಗಿಸಿದರು. ಅಂಗೈಯಿಂದ ಸವರಿ ನೋಡಿದರು. ಆಮೇಲೇ, “ಈಗ ಕೂತ್ಕೋ. ನಿಂಗೆ ಚುಚ್ಚಬಾರ್ದು” ಎಂದರು. ನನಗೆ ಅಲ್ಲೇ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡು ಗಾಡಿ ಶುರು ಮಾಡಿದೆ. ಆಸ್ಪತ್ರೆಯವರೆಗೂ ಎರಡನೇ ಗೇರ್. ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡರು. ದಾರಿಯುದ್ದಕ್ಕೂ ಮಾವನದು ಒಂದೇ ರಾಗ: “ಕ್ಲಚ್ ಮೇಲಿಂದ ಕಾಲು ತೆಗಿಯಮ್ಮಾ, ಪ್ಲೇಟು ಸುಟ್ಟುಹೋಗುತ್ತೆ.” ಅವರ ಕಾಲಿನ ಟವೆಲ್ ಕೆಂಪಾಗುತ್ತಿದೆ, ಅವರಿಗೆ ಕ್ಲಚ್ ಪ್ಲೇಟಿನ ಚಿಂತೆ.

ಇಲ್ಲಿಯ ಡಾಕ್ಟರ್ ನಿಮ್ಮ ಅಕ್ಕನ ವಯಸ್ಸಿನ ಹೆಂಗಸು, ಸಮಾಧಾನದವರು. ಮಾವನಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಸೂಜಿಯಂಥದ್ದೊಂದರಿಂದ ಅಂಗಾಲಿಗೆ ಅಲ್ಲಲ್ಲಿ ಚುಚ್ಚುತ್ತ ಬಂದರು. ಚುಚ್ಚಿದಾಗ ಹೇಳಿ ಎಂದಿದ್ದರು. ಬೆರಳಿಗೆ ಚುಚ್ಚಿದರು, ಪಾದದ ಅಂಚಿಗೆ ಚುಚ್ಚಿದರು, ಮಾವ ಸುಮ್ಮನಿದ್ದರು. ಕೊನೆಗೆ ಅವರೇ, “ಶುರು ಮಾಡಿ ಡಾಕ್ಟ್ರೇ, ನಾನು ರೆಡಿ” ಎಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರ್ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಕೊಂದಿದೆಯಂತೆ, ವರ್ಷವೇ ಆಗಿರಬಹುದಂತೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದರೇ ಎಂದು ಕೇಳಿದರೆ ಇವರು ನಾಚಿಕೊಂಡು ಏನು ಹೇಳಿದರು ಗೊತ್ತೇ? ಅರ್ಧ ಮುರಿದು ನುಂಗುತ್ತಿದ್ದರಂತೆ, ಉಳಿತಾಯವಾಗಲಿ ಎಂದು! ಚಿಕ್ಕತ್ತೆಗೆ ಒಂದು ತೊಟ್ಟು ಆಯಿಲ್ ಕಡಿಮೆಯಾದರೆ ಊಟ ಬಿಡುವ ಮನುಷ್ಯ ತಮ್ಮ ಮಾತ್ರೆಯನ್ನು ಮುರಿಯುತ್ತಿದ್ದರು. ಬಾಯಿಗೆ ಬಂದಂತೆ ಬೈದೆ. ಪಕ್ಕದ ಹಾಸಿಗೆಯ ಅಜ್ಜಿ, ಮಗಳಾ ಎಂದು ಕೇಳಿದರು. ಮಾವ ಹೌದು ಎಂದುಬಿಟ್ಟರು.

ಈಗ ಗಾಯ ತೊಳೆದು ಔಷಧಿ ಹಾಕುತ್ತಿದ್ದಾರೆ, ಎಕ್ಸ್‌ರೇ ತೆಗೆದಿದ್ದಾರೆ. ಸಂಜೆ ನೋಡಿ ಹೇಳುತ್ತಾರಂತೆ. ನೀವು ಗಾಬರಿಪಟ್ಟು ಕೆಲಸ ಬಿಟ್ಟು ಬರಬೇಡಿ. ಸುರಂಗ ಅರ್ಧಕ್ಕೆ ಬಂದಿರುವಾಗ ನಿಮ್ಮನ್ನು ಬಿಡುವುದೂ ಇಲ್ಲ. ಬಟ್ಟೆ ಸಾಗಿಸುವುದನ್ನು ನಾನೇ ನಿಭಾಯಿಸುತ್ತೇನೆ, ಮೂರನೇ ಗೇರನ್ನೂ ಕಲಿಯುತ್ತೇನೆ. ಇಲ್ಲಿ ಎಲ್ಲ ನಡೆಯುತ್ತದೆ.

ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ. ಅಪ್ಪನ ಆಶೀರ್ವಾದ ನಿಮಗೆ ಯಾವಾಗಲೂ ಇದೆ, ಜೊತೆಗೆ ಅಲ್ಲಿ ಸ್ಟೀಲ್ ಸ್ಕ್ರೂ ಚೂರುಪಾರು ಬಿದ್ದಿದ್ದರೆ ಬಿಸಾಡಬೇಡಿ ಎಂಬ ಅಪ್ಪಣೆಯೂ ಇದೆ. ಹೊತ್ತಿಗೆ ಸರಿಯಾಗಿ ಉಣ್ಣಿ. ದಿನಕ್ಕೊಮ್ಮೆ ನಿಮ್ಮ ಅಂಗಾಲು ನೋಡಿಕೊಳ್ಳಿ, ನನ್ನಾಣೆ.

ಇತಿ,
ನಿಮ್ಮ ಮನೆಯ ಹೊಸ ಡ್ರೈವರ್

ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ಲಾರಿಯವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಡಾಕ್ಟರ್ ಈಗ ಬಂದಿದ್ದರು. ನಂಜು ಮೂಳೆಗೆ ಇಳಿದಿದೆಯಂತೆ. ಶನಿವಾರ ಬೆಳಿಗ್ಗೆ ಪಾದದ ಗಂಟಿನ ಮೇಲಿನಿಂದ ಕಾಲು ಕತ್ತರಿಸಿ ತೆಗೆಯುತ್ತಾರೆ. ಮಾವ ಪೂರ್ತಿ ಕೇಳಿಸಿಕೊಂಡು, “ಒಳ್ಳೇದು ಸಿಗೋವರೆಗೂ ಕತ್ತರಿಸಿ ಡಾಕ್ಟ್ರೇ. ಪಾಪ ಅಂತ ಬಿಡಬೇಡಿ, ಮತ್ತೆ ಹರಡುತ್ತೆ” ಎಂದರು. ಈಗ ಎದ್ದು ಕೂತು ಎರಡು ಕೈಯಲ್ಲೂ ಆ ಪಾದವನ್ನು ಹಿಡಿದುಕೊಂಡಿದ್ದಾರೆ, ನಾನು ನೋಡುತ್ತಿರುವುದು ಅವರಿಗೆ ತಿಳಿದಿಲ್ಲ. ಕಾಗದದಲ್ಲಿ ಕೆಲಸ ಬಿಟ್ಟು ಬರಬೇಡಿ ಎಂದು ಬರೆದೆನಲ್ಲ, ಅದು ಅವರು ಹೇಳಿ ಬರೆಸಿದ್ದು, ಹೊಡೆದುಹಾಕಿ. ಸಾಮಾನು ಇಳಿಸಿ ಇದೇ ಲಾರಿ ನಾಳೆ ವಾಪಸು ಹೊರಡುತ್ತದೆ. ಅದರಲ್ಲೇ ಹತ್ತಿ ಬನ್ನಿ. ಲಾರಿ ನಿಲ್ಲುವ ಜಾಗಕ್ಕೆ ಚಿಕ್ಕತ್ತೆಯನ್ನು ನಾನೇ ತರುತ್ತೇನೆ, ಎರಡನೇ ಗೇರಿನಲ್ಲಿ. ಬನ್ನಿ.