ತಪ್ಪಿದಾಗ ತಟ್ಟುವ ಕೈ

ಹಾಸಿಗೆ ಅಂಗಡಿಯ ಮೇಲಿನ ಕೋಣೆಯಿಂದ
ಜನವರಿ ಹದಿನಾಲ್ಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ ಅಮ್ಮನ ಸಲಾಂ.

ಕಣ್ಣು ಹೇಗಿದೆ? ವೆಲ್ಡಿಂಗ್ ಮಾಡುವಾಗ ಕಿಡಿ ನೋಡಿ ಎರಡು ದಿನ ಕಣ್ಣಲ್ಲಿ ಮರಳು ಹೊಯ್ದ ಹಾಗಾಗಿತ್ತು ಎಂದು ಬರೆದಿದ್ದೆ. ಹಡಗುಕಟ್ಟೆಯವರು ಕೊಟ್ಟ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೆಲಸ ಮಾಡುತ್ತಿರುತ್ತೀಯ, ನನಗೆ ಗೊತ್ತು. ಚಿಕ್ಕಂದಿನಲ್ಲಿ ಟೋಪಿಯನ್ನೂ ಹಾಗೇ ಮಾಡುತ್ತಿದ್ದೆ. ನಿನ್ನ ಸೊಂಟ, ನಿನ್ನ ಊಟ, ನಿನ್ನ ಕೋಣೆಯ ಜೊತೆಗಾರನ ಗೊರಕೆ, ಎಲ್ಲದರ ಬಗ್ಗೆ ಬರೆ. ನನ್ನ ಆರೋಗ್ಯ ಚೆನ್ನಾಗಿದೆ. ಮಂಡಿ ಮಾತ್ರ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ, ಆದರೆ ಬಾಗಿಲು ಇನ್ನೂ ತೆರೆದು ಮುಚ್ಚುತ್ತದೆ.

ಅಂಗಡಿ ನಡೆಯುತ್ತಿದೆ. ಹೊಸ ಆಸ್ಪತ್ರೆಯವರು ಹಾಸಿಗೆಗೆ ಹೇಳಿದ್ದಾರೆ. ಹತ್ತಿ ಬಿಡಿಸುವ ಮುದುಕ ಕೆಮ್ಮುತ್ತಲೇ ಕೆಲಸ ಮಾಡುತ್ತಾನೆ, ಕೆಮ್ಮುತ್ತಲೇ ಜಗಳವಾಡುತ್ತಾನೆ. ಇರಲಿ. ಹೋದ ಪತ್ರದಲ್ಲಿ ನೀನು ಕೊನೆಗೊಂದು ಸಾಲು ಬರೆದಿದ್ದೆ: "ಅಮ್ಮ, ಒಂದೇ ಮಾತಲ್ಲಿ ಹೇಳು. ಅವಳು ಕಲಿತಳಾ, ಇಲ್ಲವಾ?" ಮದುವೆಯ ಮುಂಚೆ ನಾವಿಬ್ಬರೂ ಆಡಿದ ಮಾತು ನನಗೆ ನೆನಪಿದೆ. ನಿನ್ನ ಹೆಂಡತಿ ನಮಾಜು ಸರಿಯಾಗಿ ಕಲಿತಳು ಎಂದು ನಾನು ಹೇಳುವ ತನಕ ಅವಳು ನನ್ನ ಹತ್ತಿರ ಇರಬೇಕು, ಹೇಳಿದ ದಿನ ನೀನು ಟಿಕೆಟ್ ಕಳಿಸಬೇಕು. ನೀನು ಒಪ್ಪಿದ್ದೆ, ಅವಳೂ ತಲೆಯಾಡಿಸಿದ್ದಳು. "ಎರಡು ವರ್ಷವಾಯಿತು, ಇಲ್ಲಿ ಮನೆ ಸಿಕ್ಕಿದೆ, ಅವಳು ಈ ದೇಶಕ್ಕೆ ಬರಲು ಅನುಮತಿ ಪತ್ರವನ್ನೂ ಕಳಿಸಿದ್ದೇನೆ, ಇನ್ನೂ ಏನು" ಎಂದು ಕೇಳುತ್ತೀಯ. ಒಂದೇ ಮಾತಲ್ಲಿ ಹೇಳುತ್ತೇನೆ. ಆದರೆ ಆ ಮಾತಿನ ಹಿಂದಿರುವುದನ್ನು ಮೊದಲು ಓದು.

ಬಂದಾಗ ಅವಳು ಹೇಗಿದ್ದಳೆಂದು ನೀನು ನೋಡಲಿಲ್ಲ, ನೀನು ಅವಳ ಮುಖ ನೋಡುತ್ತಿದ್ದೆ. ತಾಯಿಯಿಲ್ಲದೆ ಫೋಟೋ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಬೆಳೆದವಳು. ಆ ಅಪ್ಪನಿಗೆ ಊರಿನವರನ್ನೆಲ್ಲ ನೆಟ್ಟಗೆ ನಿಲ್ಲಿಸಿ ಗಲ್ಲ ಎತ್ತಿಸುವುದು ಗೊತ್ತು, ಮಗಳನ್ನು ದೇವರ ಮುಂದೆ ನಿಲ್ಲಿಸುವುದು ಗೊತ್ತಿಲ್ಲ. ಈ ಮೇಲಿನ ಕೋಣೆಯಲ್ಲಿ ಬೀದಿಯ ಹೆಂಗಸರ ಜೊತೆ ನಮಾಜಿನ ಸಾಲಿನಲ್ಲಿ ನಿಂತ ಮೊದಲ ದಿನವೇ ನನಗೆ ತಿಳಿಯಿತು. ಪಕ್ಕದವಳು ಬಗ್ಗಿದ ಮೇಲೆ ಇವಳು ಬಗ್ಗುತ್ತಿದ್ದಳು, ಪಕ್ಕದವಳು ಎದ್ದ ಮೇಲೆ ಏಳುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ಒಳಗೆ ಏನೂ ಇರಲಿಲ್ಲ. ದರ್ಜಿಯ ಹೆಂಡತಿ, ನೀವೆಲ್ಲ ರೇಡಿಯೋ ಎಂದು ಕರೆಯುತ್ತಿದ್ದಿರಲ್ಲ ಅವಳು, ಮೆಟ್ಟಿಲಿಳಿಯುವಾಗ "ಸೊಸೆ ನೋಡಿ ನೋಡಿ ಬರೆಯೋ ಹುಡುಗಿ ಹಾಗೆ ಮಾಡ್ತಾಳಲ್ಲ" ಎಂದಳು. ಈ ಬೀದಿಯ ಅರ್ಧ ಹೆಂಗಸರಿಗೆ ನಮಾಜು ಕಲಿಸಿದವಳು ನಾನು. ನನ್ನ ಮನೆಯ ಮೆಟ್ಟಿಲ ಮೇಲೆ ನಾನು ಆ ಮಾತು ಕೇಳಬೇಕಾಯಿತು.

ಮರುದಿನದಿಂದ ಹಿಡಿದುಕೊಂಡೆ. ಬೆಳಗಿನ ನಮಾಜಿಗೆ ಮುಂಚೆ ಅವಳು ಕೈಕಾಲು ತೊಳೆದು ಬಂದರೆ ನಾನು ಬಗ್ಗಿ ಅವಳ ಹಿಮ್ಮಡಿ ಮುಟ್ಟುತ್ತಿದ್ದೆ. ಒಣಗಿದ್ದರೆ ಮತ್ತೆ ನಲ್ಲಿಗೆ. ಚಳಿಗೆ ಅವಳ ಕಾಲು ನೀಲಿಯಾಗುತ್ತಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ಮೊಣಕೈಗೆ ನೀರು ತಾಗಿಲ್ಲ, ಮತ್ತೆ ನಲ್ಲಿಗೆ. ಸಜ್ದಾಕ್ಕೆ ತಲೆ ನೆಲಕ್ಕಿಟ್ಟಾಗ ಹಣೆಯ ಜೊತೆ ಮೂಗೂ ತಾಗಬೇಕೆಂದು ಹೇಳಿದರೆ ತಾಗಿಸಿದೆ ಎನ್ನುತ್ತಿದ್ದಳು. ನನಗೆ ಸಾಕ್ಷಿಯ ಕೊರತೆಯೇ? ಕೆಳಗಿನ ಅಂಗಡಿಯಿಂದ ಒಂದು ಹಿಡಿ ಹತ್ತಿಯ ಧೂಳು ತಂದು ಚಾಪೆಯ ಮೇಲೆ ಉದುರಿಸಿದೆ. ಎದ್ದಾಗ ಹಣೆಯ ಮೇಲೆ ಬಿಳಿ, ಮೂಗಿನ ಮೇಲೆ ಏನಿಲ್ಲ. "ಮೂಗು" ಎಂದೆ. ಅಷ್ಟೇ. ಮೊದಲಿನಿಂದ. ಎಲ್ಲಿ ತಪ್ಪಿದರೂ ಅಲ್ಲಿಂದಲ್ಲ, ಮೊದಲಿನಿಂದ, ಕೈ ಎತ್ತಿ ಶುರು ಮಾಡುವಲ್ಲಿಂದ. ಧರ್ಮದ ಕಿತಾಬಿನಲ್ಲಿ ಹಾಗೆ ಹೇಳಿಲ್ಲ ಎಂದು ಮಸೀದಿಯ ಉಸ್ತಾದರ ಹೆಂಡತಿ ಹೇಳಿ ಕಳಿಸಿದಳು. ಕಿತಾಬು ಅವರ ಮನೆಯಲ್ಲಿರಲಿ, ಕೋಣೆ ನನ್ನದು ಎಂದು ಹೇಳಿ ಕಳಿಸಿದೆ. ನಿನ್ನ ಹೆಂಡತಿ ಒಂದು ದಿನವೂ ಅಳಲಿಲ್ಲ. ಅತ್ತಿದ್ದರೆ ಸ್ವಲ್ಪ ಬಿಡುತ್ತಿದ್ದೆನೋ ಏನೋ. ಕಣ್ಣಲ್ಲಿ ನೀರಿಲ್ಲದವಳನ್ನು ಕಂಡರೆ ನನಗೆ ಹಟ ಬರುತ್ತದೆ.

ನಾನು ಅವಳ ಹಿಂದೆ ಕೂತು ಕೈ ತಟ್ಟಿ ತಿದ್ದುತ್ತಿದ್ದೆ. ನಿನಗಿದು ಗೊತ್ತಿರಲಿಕ್ಕಿಲ್ಲ. ನಮಾಜು ಮಾಡಿಸುವವರು ಲೆಕ್ಕ ತಪ್ಪಿದರೆ ಗಂಡಸರು ಬಾಯಲ್ಲಿ "ಸುಬ್ಹಾನಲ್ಲಾ" ಎನ್ನುತ್ತೀರಿ. ಹೆಂಗಸರು ಬಾಯಿ ತೆರೆಯುವಂತಿಲ್ಲ, ಬಲ ಅಂಗೈಯಿಂದ ಎಡಗೈಯ ಹಿಂಬದಿಗೆ ಒಂದು ಸಲ ತಟ್ಟಬೇಕು. ಒಣ ಸದ್ದು, ಹಪ್ಪಳ ಮುರಿದ ಹಾಗೆ. ಆ ಸದ್ದಿಗೆ ಅವಳ ಬೆನ್ನು ಸೆಟೆಯುತ್ತಿತ್ತು. ಪಾತ್ರೆ ತೊಳೆಯುವಾಗ ಯಾರಾದರೂ ಸೊಳ್ಳೆ ಹೊಡೆದರೂ ಕೈ ನಿಲ್ಲಿಸಿಬಿಡುತ್ತಿದ್ದಳು.

ಹೋದ ವರ್ಷ ಬೇಸಿಗೆ ಮುಗಿಯುವಷ್ಟರಲ್ಲಿ ತಪ್ಪುಗಳು ಕಡಿಮೆಯಾದವು. ಆಗೊಂದು ಮಧ್ಯಾಹ್ನ ಹೆಂಗಸರೆಲ್ಲ ಮೇಲಿನ ಕೋಣೆಗೆ ಬಂದಿದ್ದರು. ಯಾವತ್ತಿನ ಹಾಗೆ ಸಾಲಿನ ನಡುವೆ ನಿಂತು ನಾನೇ ನಮಾಜು ಮಾಡಿಸುತ್ತಿದ್ದೆ. ನಾಲ್ಕು ರಕಅತಿನ ನಮಾಜು, ನಿಂತು ಬಗ್ಗಿ ಸಜ್ದಾ ಮಾಡುವ ಸುತ್ತು ನಾಲ್ಕು ಆಗಬೇಕು. ಮುಗಿಸಲೆಂದು ಕೂತೆ. ಸಾಲಿನ ತುದಿಯಿಂದ ಆ ಸದ್ದು ಬಂತು. ಮೂರೇ ಆಗಿದೆ ಎಂದು ನಿನ್ನ ಹೆಂಡತಿ ನನಗೆ ಹೇಳುತ್ತಿದ್ದಾಳೆ! ನಾನು ಏಳಲಿಲ್ಲ. ಮುಖ ತಿರುಗಿಸಿ ಸಲಾಂ ಹೇಳಿ ಮುಗಿಸಿದೆ. ಎಲ್ಲರೂ ಚಾಪೆ ನೋಡಿದರು, ರೇಡಿಯೋ ಕೂಡ. ನಾನು ಎಲ್ಲರ ಮುಂದೆ ಅವಳಿಗೆ ಹೇಳಿದೆ, "ಎಣಿಸೋಕೆ ಬರದೇ ಇರೋರು ಕೈ ತಟ್ಟಬಾರದು. ನಿನ್ನ ನಮಾಜು ಕೆಟ್ಟಿತು. ಎದ್ದು ಮತ್ತೆ ಮಾಡು, ಎಲ್ಲರೂ ನೋಡಲಿ." ಅವಳು ಎದ್ದಳು. "ಹೌದು ಅತ್ತೆ, ನನಗೇ ಎಣಿಕೆ ತಪ್ಪಿತು" ಎಂದಳು. ನಾಲ್ಕೂ ಮಾಡಿದಳು, ಒಬ್ಬಳೇ, ಅಷ್ಟು ಕಣ್ಣುಗಳ ಮುಂದೆ. ಎಲ್ಲೂ ಒಂದು ಕೂದಲೆಳೆ ಆಚೀಚೆ ಇಲ್ಲ. ಎದ್ದಾಗ ಮೂಗಿನ ತುದಿಯಲ್ಲಿ ಹತ್ತಿಯಿತ್ತು. ಹೆಂಗಸರೆಲ್ಲ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ತಮ್ಮ ತಮ್ಮ ನಮಾಜನ್ನು ಮತ್ತೆ ಮಾಡಿಕೊಂಡರೆಂದು ಆಮೇಲೆ ನನ್ನ ಕಿವಿಗೆ ಬಿತ್ತು. ಅಂದರೆ ಮೂರೇ ಆಗಿತ್ತು. ಅದು ನನಗೆ ಅವಳು ಎರಡನೆಯ ಸಲ ಬಗ್ಗಿದಾಗಲೇ ತಿಳಿದಿತ್ತು. ತಿಳಿದೂ ಅವಳನ್ನು ನಿಲ್ಲಿಸಲಿಲ್ಲ. ಸೊಸೆಯ ಮುಂದೆ ಅತ್ತೆ ಲೆಕ್ಕ ಒಪ್ಪಿಸುವ ಮನೆಯಲ್ಲ ಇದು.

ನನಗೆ ಮರೆವು ಬಂದಿದೆ, ಮಗಾ. ಬೇರೆಯವರಿಂದ ಕೇಳುವ ಬದಲು ನನ್ನಿಂದಲೇ ಕೇಳು. ಹೋದ ಮಳೆಗಾಲದಲ್ಲಿ ಒಂದು ದಿನ ಹಾಸಿಗೆಯೊಂದಕ್ಕೆ ಹತ್ತಿ ತುಂಬುವ ಮೊದಲೇ ಬಾಯಿ ಹೊಲಿದುಬಿಟ್ಟೆ. ಒಳ್ಳೆಯ ಹೊಲಿಗೆ, ಒಂದೊಂದೂ ಸಮ. ಖಾಲಿ ಚೀಲ. ನಿನ್ನ ಹೆಂಡತಿ ಅದನ್ನು ಎತ್ತಿಕೊಂಡು ಹೋಗಿ, ಹೊಲಿಗೆ ಬಿಚ್ಚಿ, ತುಂಬಿ, ಮತ್ತೆ ಹೊಲಿದು ತಂದು ನನ್ನ ಪಕ್ಕ ಇಟ್ಟಳು. ಅವಳ ಮೌನ ಒಳ್ಳೆಯತನ ಎಂದು ನಾನು ಆಗ ತಿಳಿದುಕೊಂಡಿದ್ದೆ.

ನವೆಂಬರಿನಲ್ಲಿ ಉಸ್ತಾದರ ಹೆಂಡತಿ ಬೇರೆ ಊರಿನ ಇಬ್ಬರು ನೆಂಟರನ್ನು ಕರೆದುಕೊಂಡು ಬಂದಳು, ನಾನು ಕಲಿಸುವ ರೀತಿ ನೋಡಬೇಕಂತೆ. ಕೋಣೆ ತುಂಬಿತ್ತು. ನಮಾಜು ಶುರು ಮಾಡಿದೆ. ಕೋಣೆಯಲ್ಲಿ ಉಸಿರಾಟದ ಸದ್ದು ಬಿಟ್ಟರೆ ಬೇರೆ ಇಲ್ಲ. ಒಮ್ಮೆ ಸಜ್ದಾದಿಂದ ಎದ್ದು ನಿಂತೆ, ಕೈ ಕಟ್ಟಿದೆ, ಓದತೊಡಗಿದೆ. ಯಾಕೋ ಎರಡೂ ಬದಿಯಲ್ಲಿ ಗಾಳಿ ಖಾಲಿ ಅನ್ನಿಸಿತು. ಕಣ್ಣು ಸಜ್ದಾದ ಜಾಗದಲ್ಲೇ ಇರಬೇಕು, ಆಚೀಚೆ ಹೋಗಬಾರದು, ನಾನೇ ಎಲ್ಲರಿಗೂ ಹೇಳಿಕೊಟ್ಟಿದ್ದು. ಆದರೂ ಹೋಯಿತು. ಸಾಲು ಕೂತಿತ್ತು. ಎಡಕ್ಕೂ ಬಲಕ್ಕೂ, ಕೊನೆಯವರೆಗೆ, ಎಲ್ಲರೂ ತೊಡೆಯ ಮೇಲೆ ಕೈಯಿಟ್ಟು ಕೂತಿದ್ದರು, ನಾಲ್ಕು ಮುಗಿದಿತ್ತು. ಐದನೆಯದಕ್ಕೆ ನಾನೊಬ್ಬಳೇ ನಿಂತಿದ್ದೆ, ಗೋಡೆಗೆ ಹೊಡೆದ ಮೊಳೆಯ ಹಾಗೆ. ಯಾರೂ ಕೈ ತಟ್ಟಲಿಲ್ಲ. ಬೇಸಿಗೆಯಲ್ಲಿ ತಟ್ಟಿದವಳಿಗೆ ಏನಾಯಿತೆಂದು ಎಲ್ಲರೂ ನೋಡಿದ್ದರಲ್ಲ. ನೆಂಟರಿಗೆ ಧೈರ್ಯವಿರಲಿಲ್ಲ. ಆದರೆ ನಿನ್ನ ಹೆಂಡತಿ ನನ್ನ ಬಲಮಗ್ಗುಲಲ್ಲೇ ಇದ್ದಳು. ಅವಳ ಬಲಗೈ ಬಲತೊಡೆಯ ಮೇಲೆ, ಎಡಗೈ ಎಡತೊಡೆಯ ಮೇಲೆ. ನಾನು ಕಲಿಸಿದ ಹಾಗೇ, ಬೆರಳು ನೆಟ್ಟಗೆ.

ಎಲ್ಲರೂ ಇಳಿದು ಹೋದ ಮೇಲೆ ಕೇಳಿದೆ, ಯಾಕೆ ತಟ್ಟಲಿಲ್ಲ ಎಂದು. ಚಾಪೆ ಸುತ್ತುತ್ತಾ ಹೇಳಿದಳು, "ನನಗೆ ಎಣಿಸೋಕೆ ಬರಲ್ಲ ಅಂತ ನೀವೇ ಎಲ್ಲರ ಮುಂದೆ ಹೇಳಿದ್ರಲ್ಲ ಅತ್ತೆ." ದನಿ ಏರಲಿಲ್ಲ. ಚಾಪೆಯ ಅಂಚು ಸರಿಯಾಗಿ ಕೂಡಿಸಿ ಮೂಲೆಗಿಟ್ಟಳು. ಅಂದಿನಿಂದ ಹೆಂಗಸರು ಉಸ್ತಾದರ ಮನೆಯ ಹಜಾರಕ್ಕೆ ಹೋಗುತ್ತಾರೆ. ಬೀದಿಯಲ್ಲಿ ಸಿಕ್ಕರೆ ರೇಡಿಯೋ "ಮಂಡಿನೋವು ಹೇಗಿದೆ ದೊಡ್ಡಮ್ಮ" ಎಂದು ಕೇಳುತ್ತಾಳೆ. ಮಂಡಿಯಂತೆ!

ಆ ರಾತ್ರಿ ಅವಳನ್ನು ಮನೆಯಿಂದ ಹೊರಗೆ ಹಾಕಬೇಕೆಂದಿತ್ತು. ಬೆಳಗಾಗುವಷ್ಟರಲ್ಲಿ ಬೇರೆ ಯೋಚನೆ ಬಂತು. ಒಬ್ಬಳೇ ನಿಂತರೆ ನನಗೆ ಎಷ್ಟಾಯಿತೆಂದು ತಿಳಿಯುವುದಿಲ್ಲ. ಎರಡೋ ಮೂರೋ ಎಂಬ ಗುಮಾನಿಯಲ್ಲೇ ಸಲಾಂ ಹೇಳುತ್ತೇನೆ. ಅಷ್ಟು ವರ್ಷ ಇನ್ನೊಬ್ಬರ ಮೂಗಿನ ಮೇಲೆ ಹತ್ತಿ ಹುಡುಕಿದವಳು ನನ್ನ ಎಣಿಕೆಯನ್ನು ಗುಮಾನಿಗೆ ಬಿಡಲೇ? ಅವಳನ್ನು ಕರೆದು "ನಾನು ನಮಾಜು ಮಾಡುವಾಗ ಹಿಂದೆ ಕೂರು, ತಪ್ಪಿದರೆ ತಟ್ಟು" ಎಂದೆ. "ಕೂರ್ತೀನಿ. ಆದರೆ ನೀವು ಕಲಿಸಿದ ಹಾಗೇ" ಎಂದಳು. ಅಂದರೆ ಎಲ್ಲಿ ತಪ್ಪಿದರೂ ಮೊದಲಿನಿಂದ. ಒಪ್ಪಿಕೊಂಡೆ. ನನ್ನ ಕಾನೂನು, ನಾನು ಹೇಗೆ ಬೇಡವೆನ್ನಲಿ? ಈಗ ಸುತ್ತಿಟ್ಟ ಹಾಸಿಗೆಯ ಮೇಲೆ ಕಾಲು ಮಡಿಸಿ ಕೂರುತ್ತಾಳೆ, ಸ್ಟುಡಿಯೋದಲ್ಲಿ ಫೋಟೋಗೆ ಕೂತವರ ಹಾಗೆ, ರೆಪ್ಪೆ ಬಡಿಯದೆ. ನಿನ್ನೆ ಸಂಜೆಯ ನಮಾಜು ಸರಿಯಾಗಿ ಮುಗಿಸುವಷ್ಟರಲ್ಲಿ ಮಸೀದಿಯಲ್ಲಿ ರಾತ್ರಿಯ ನಮಾಜಿಗೆ ಕರೆಯುವ ಬಾಂಗ್ ಆಯಿತು. ಮಂಡಿ ಹಿಡಿದು ಏಳಲಾಗದೆ ಗೋಡೆ ಹಿಡಿದೆ. ಅವಳು ಕೈ ಕೊಡಲಿಲ್ಲ. ನನ್ನ ಮುಖ ನೋಡಿ, "ಮೂಗು, ಅತ್ತೆ" ಎಂದಳು.

ಇನ್ನು ನಿನ್ನ ಪ್ರಶ್ನೆ. ಕಲಿತಿದ್ದಾಳೆ. ಈ ಬೀದಿಯಲ್ಲಿ ಅವಳಷ್ಟು ಸರಿಯಾಗಿ ನಮಾಜು ಮಾಡುವವರು ಇನ್ನೊಬ್ಬರಿಲ್ಲ, ನನ್ನನ್ನೂ ಸೇರಿಸಿ. ಆದರೆ ಕಳಿಸುವುದಿಲ್ಲ. ಟಿಕೆಟ್ ತೆಗೆಯಬೇಡ. ಉಸ್ತಾದರ ಹೆಂಡತಿ ನನಗೆ ಕನಿಕರ ತೋರಿಸುತ್ತಾಳೆ, ವಯಸ್ಸಾಯಿತು, ಅಲ್ಲಾಹನಿಗೆ ನಿಮ್ಮ ಮನಸ್ಸು ಗೊತ್ತು, ಕುರ್ಚಿಯಲ್ಲಿ ಕೂತೇ ಮಾಡಿ ಎನ್ನುತ್ತಾಳೆ. ನನಗೆ ಕನಿಕರ ಬೇಡ. ನನಗೆ ದಯೆಯಿಲ್ಲದೆ ತಟ್ಟುವ ಕೈ ಬೇಕು, ಅಂಥ ಕೈ ಇರುವುದು ಅವಳೊಬ್ಬಳಿಗೇ, ಅದನ್ನು ನಾನೇ ಮಾಡಿದ್ದು. ನಾನು ಇರುವಷ್ಟು ದಿನ ಅವಳು ಇಲ್ಲಿರುತ್ತಾಳೆ. ನೀನು ನನ್ನನ್ನು ಕ್ರೂರಿ ಎನ್ನಬಹುದು. ಅನ್ನು, ಅಲ್ಲಿಂದ ಕೇಳಿಸುವುದಿಲ್ಲ. ಅವಳ ಪಾಸ್‌ಪೋರ್ಟನ್ನೂ ನೀನು ಕಳಿಸಿದ ಅನುಮತಿ ಪತ್ರವನ್ನೂ ನಿನ್ನ ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಸೊಂಟದ ದಾರದಲ್ಲಿದೆ. ಅದರ ಜೋಡಿ ಬೀಗದ ಕೈಯನ್ನು ನೀನು ಅಪ್ಪನ ನೆನಪಿಗೆಂದು ನಿನ್ನ ಗೊಂಚಲಿಗೆ ಸೇರಿಸಿಕೊಂಡು ಹೋದೆಯಲ್ಲ, ಅದು ಅಲ್ಲೇ ಇರಲಿ. ಅವಳಿಗೆ ಇದನ್ನೆಲ್ಲ ಮುಖಕ್ಕೇ ಹೇಳಿದೆ. ಸಿಟ್ಟು ಮಾಡಲಿಲ್ಲ. ಹಾಸಿಗೆಯ ದೊಡ್ಡ ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು, "ಇರಲಿ ಅತ್ತೆ. ಬೀಗದ ಕೈ ಎಲ್ಲಿಟ್ಟಿದ್ದೀರಿ ಅಂತ ಒಂದು ದಿನ ನಿಮಗೇ ಮರೆತುಹೋಗುತ್ತೆ. ಅಲ್ಲಿವರೆಗೆ ಕಾಯ್ತೀನಿ."

ಊಟ ಬಿಡಬೇಡ. ಕನ್ನಡಕ ಹಾಕಿಕೋ. ಐದು ಹೊತ್ತೂ ತಪ್ಪಿಸಬೇಡ, ಮೂಗು ನೆಲಕ್ಕೆ ತಾಗಲಿ. ನಿನ್ನ ಕಣ್ಣಿನ ಬೆಳಕನ್ನು ಅಲ್ಲಾಹು ಕಾಪಾಡಲಿ, ನಿನ್ನ ದುಡಿಮೆಗೆ ಬರಕತ್ ಕೊಡಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅನುಮತಿ ಪತ್ರದ ತಾರೀಖು ನೋಡೋಣವೆಂದು ಸೊಂಟ ತಡವಿದರೆ ದಾರವಿದೆ, ಬೀಗದ ಕೈ ಇಲ್ಲ. ಸ್ನಾನಕ್ಕೆ ಮುಂಚೆ ಬಿಚ್ಚಿ ಎಲ್ಲೋ ಇಟ್ಟ ನೆನಪು. ನಲ್ಲಿಯ ಕಟ್ಟೆ, ದಿಂಬಿನಡಿ, ಹೊಲಿಗೆ ಡಬ್ಬಿ, ಎಲ್ಲ ನೋಡಿದೆ. ಅವಳನ್ನು ಕೇಳಲಾರೆ, ಸತ್ತರೂ ಕೇಳಲಾರೆ. ನಿನ್ನ ಹತ್ತಿರವಿರುವ ಕೈ ಬೇಕು. ಪೋಸ್ಟಿನಲ್ಲಿ ಹಾಕಬೇಡ, ಪೋಸ್ಟ್‌ಮ್ಯಾನ್ ಅವಳ ಕೈಗೇ ಕೊಡುತ್ತಾನೆ. ನೀನೇ ತೆಗೆದುಕೊಂಡು ಬಾ, ಬೇಗ ಬಾ. ಹುಡುಕುವ ಸದ್ದು ಆಗಬಾರದೆಂದು ಮೆಲ್ಲಗೆ ಪೆಟ್ಟಿಗೆ ಸರಿಸುತ್ತಿದ್ದೆ. ಅವಳಿರುವ ಒಳಕೋಣೆಯಿಂದ ಈಗ ತಾನೇ ಕೈ ತಟ್ಟಿದ ಸದ್ದು ಬಂತು, ಒಂದೇ ಸಲ. ನಾನು ಈಗ ನಮಾಜಿನಲ್ಲಿಲ್ಲ, ಮಗಾ.