ಅಂಟಿಸಿದ ರೆಕ್ಕೆ

ಮೇಷ್ಟ್ರಿಗೆ,

ಪೂಜ್ಯ ಎಂದು ಬರೆಯಲು ಕೈ ಬರಲಿಲ್ಲ, ಕ್ಷಮಿಸಿ.

ಹೊಸ ಕುಲವೆಂದು ನೀವು ಹೆಸರಿಟ್ಟ ಪೊದೆಮಿಡತೆಯ ಚಿತ್ರ ಬರೆಯಲು ಮೊನ್ನೆ ಕೂತೆ. ಸೂಕ್ಷ್ಮದರ್ಶಕದಡಿ ಎಡರೆಕ್ಕೆಯ ಬುಡದಲ್ಲಿ ಒಂದು ಹನಿ ಅಂಟು ಹೊಳೆಯಿತು. ಮೈ ಒಂದು ಮಿಡತೆಯದು, ರೆಕ್ಕೆ ಇನ್ನೊಂದರದು. ನಿಮ್ಮ ಹೊಸ ಕುಲ ನಿಂತಿರುವುದೇ ಆ ರೆಕ್ಕೆಯ ಮೇಲೆ. ತೋರಿಸಿದರೆ ನಕ್ಕಿರಿ.

“ಇಷ್ಟು ಚೂರು ಅಂಟು ಯಾರ ಕಣ್ಣಿಗೆ ಬೀಳುತ್ತೆ ಕಣಮ್ಮ? ಅದೊಂದು ಬಿಟ್ಟು ಬರಿ. ನಿನ್ನ ಹೆಸರೂ ಅಚ್ಚಾಗುತ್ತಲ್ಲ!” ಎಂದು ಭುಜ ತಟ್ಟಿದಿರಿ.

ಹನ್ನೊಂದು ವರ್ಷ ಸತ್ತ ಹುಳುಗಳ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಉಂಡವಳು ನಾನು. ಒಂದು ದಿನವೂ ಹೇಸಿಗೆಯಾಗಿರಲಿಲ್ಲ. ಅವತ್ತು ಡಬ್ಬಿ ಬಿಚ್ಚದೆ ಹಾಗೇ ವಾಪಸ್ ಒಯ್ದೆ. ಮನೆಗೆ ಹೋಗಿ, ನೀವು ಭುಜ ತಟ್ಟಿದ ಆ ಅಂಗಿಯನ್ನು ಎರಡು ಸಲ ಒಗೆದೆ.

ಇವತ್ತು ಬೆಳಿಗ್ಗೆ ಚಿತ್ರ ಮುಗಿಸಿದೆ. ಅಂಟನ್ನೂ ಬರೆದು, ನಿಮ್ಮ ಲೇಖನ ಅಚ್ಚಾಗಬೇಕಿರುವ ಪತ್ರಿಕೆಯ ಸಂಪಾದಕರಿಗೇ ನೇರವಾಗಿ ಕಳಿಸಿದ್ದೇನೆ. ಮಿಡತೆ ಈಗ ನಮ್ಮ ಸಂಗ್ರಹಾಲಯದ ಮೇಲ್ವಿಚಾರಕಿಯ ಬೀರುವಿನಲ್ಲಿದೆ, ಹುಡುಕಿ ದಣಿಯಬೇಡಿ.

ನಾಳೆಯಿಂದ ನಾನು ಬರುವುದಿಲ್ಲ. ನನ್ನ ಕುಂಚಗಳು ಕಿಟಕಿ ಪಕ್ಕದ ಮೇಜಿನ ಮೇಲಿವೆ. ಜವಾನರ ಕೈಲಿ ಕಳಿಸಿಕೊಡಿ. ದಯವಿಟ್ಟು ನೀವು ಮುಟ್ಟಬೇಡಿ.

ಇತಿ,
ನಿಮ್ಮಲ್ಲಿ ಚಿತ್ರ ಬರೆಯುತ್ತಿದ್ದವಳು