ಕೆಂಚವ್ವನ ಜಿಂಕಿಕೊಂಬಿನ ಗಿಡಾ ಮರಿ ಹಾಕೇತಿ

ಮಂದಿ ಪತ್ರಾ ಓದಾಕ ನಾಚಿಕಿ ಬರೂದಿಲ್ಲೇನು? ಸೊಸಿ ಮಂಗಲಾ, ನೀನಾಗಿದ್ರ ಮಡಚಿ ಇದ್ದಲ್ಲೇ ಇಡು. ಇದು ನನ್ನ ಗೆಳತಿ ಕೆಂಚವ್ವಗ ಬರದದ್ದು.

ಕೆಂಚವ್ವಾ, ನಳದ ಕಟ್ಟಿ ಮ್ಯಾಲ ನನ್ನ ಕೂಡ ಜಗಳಾ ಮಾಡಿ, ದಾಂಡೇಲಿ ಬಿಟ್ಟು ಹಳಿಯಾಳಕ್ಕ ಮಗಳ ಮನಿಗೆ ಹೋದಿ. ಹೋಗೂ ಮುಂದ ನಿನ್ನ ಜಿಂಕಿಕೊಂಬಿನ ಗಿಡಾನ ಹಲಗಿ ಸಮೇತ ನನ್ನ ಗ್ವಾಡಿಗೆ ತೂಗಹಾಕಿದಿ, ಒಂದ ಮಾತೂ ಆಡಲಿಲ್ಲ. ಬಾಗಲಾ ಮುಚ್ಚಿತ್ತು ಅಂತೀಯೇನು? ಬಡೀಬೇಕಿತ್ತು.

ಕುಂಡ ಇಲ್ಲದ, ಮಣ್ಣಿಲ್ಲದ, ಹಲಗಿಗೆ ಅಂಟಿ ಬೆಳಿಯೂ ಗಿಡಾ ಅದು, ಎಲಿ ನೋಡಿದ್ರ ಜಿಂಕಿ ಕೊಂಬಿನಂಗ. ನೀ ಮಾಡಿದಂಗ ಹಲಗೀನ ಬಕೀಟಿನ ನೀರಾಗ ಅದ್ದಿ ತಗದೆ, ಗೊಬ್ಬರಕ್ಕಂತ ಎಲಿ ಹಿಂದ ಬಾಳಿಹಣ್ಣಿನ ಸಿಪ್ಪಿ ತುರುಕಿದೆ.

ನಿನ್ನೆ ಮಂಗಲಾ, "ಅತ್ತಿ, ಬುಡದಾಗಿನ ಎಲಿ ಒಣಗಿ ಹೋಗೇತ್ರಿ, ಕಿತ್ತು ಒಗೀತೇನಿ" ಅಂತ ಕೈ ಹಾಕಿದ್ಲು.

"ನನ್ನ ಮಾರಿನೂ ಒಣಗೇತಿ, ನನ್ನೂ ಒಗಿಯವ್ವಾ!" ಅಂತ ಚೀರಿದೆ.

ಒಣಗಿದ ಆ ಎಲಿನೇ ಗಿಡಾನ ಹಲಗಿಗೆ ಹಿಡದಿಟ್ಟಿರತೈತಿ, ಅದನ್ನ ಮುಟ್ಟಬಾರದು ಅಂತ ನೀನ ಹೇಳಿದ್ದಿ. ಆಕಿ ಕೈ ತಗದಳು. ನಾ ಕನ್ನಡಕಾ ಹಾಕ್ಕೊಂಡು ಅದರ ಸಂದಿಯೊಳಗ ನೋಡಿದ್ರ, ಬೆಕ್ಕಿನ ಕಿವಿಯಷ್ಟು ಹಸರ ಮರಿ!

ಮರಿ ಅಂಗೈಯಷ್ಟು ಆದಮ್ಯಾಲೆ ಬಿಡಿಸಿ ಬ್ಯಾರೆ ಕಟ್ಟಬೇಕು ಅಂತಿದ್ದಿ. ಹಲಸಿನ ಹಲಗಿ, ತೆಂಗಿನ ನಾರು ತಂದಿಟ್ಟೇನಿ. ಕಟ್ಟಾಕ ನೀ ಕೊಟ್ಟ ಇಳಕಲ್ ಸೀರಿ ಸೆರಗು ಹರದೇನಿ, ಬೈಯಬ್ಯಾಡ. ಆದ್ರ ನಾ ಹಾಕಿದ ಗಂಟು ನಿಲ್ಲೂದಿಲ್ಲ. ನೀನ ಬಂದು ಕಟ್ಟಬೇಕು. ಈ ಸಲ ಬಾಗಲಾ ತಗದಿರತೈತಿ.

ಈ ಪತ್ರಾನ ಟಪಾಲಿಗೆ ಹಾಕೂದಿಲ್ಲ. ಮೊದಲ ಮಾತಾಡೂ ಸರದಿ ನಿಂದು. ಆದ್ರೂ ಮುಂದಿನ ತಿಂಗಳ ಹುಟ್ಟೂದ್ರೊಳಗ ಉತ್ತರಾ ಬರೀ.